ಮಕ್ಕಳ ಆಟಕ್ಕೆ ಮನೆಯಲ್ಲೇ ಸರ್ವರ್: ತೆರೆದ ಬಾಗಿಲು, ಮುಚ್ಚಿದ ಬಾಗಿಲು

ಮಳೆಗೆ ಶಾಲೆಗಳಿಗೆಲ್ಲ ರಜೆ ಸಿಕ್ಕಿದ ದಿನ. ಬೆಳಿಗ್ಗೆಯೇ ಕಾರ್ಕಳದಿಂದ ಅಕ್ಕನ ಮಗನ ಫೋನು. "ಮಾಮ, ನೀನು ಸಾಫ್ಟ್‌ವೇರ್ ಇಂಜಿನಿಯರ್ ಅಲ್ವಾ? ನಮಗೊಂದು ಮೈನ್‌ಕ್ರಾಫ್ಟ್ ಸರ್ವರ್ ಮಾಡಿಕೊಡು."

ಅವನಿಗೆ ಜೊತೆ ಬೇಕಾದದ್ದು ಕಾಪುವಿನಲ್ಲಿರುವ ಚಿಕ್ಕಮ್ಮನ ಮಕ್ಕಳು. ಅಜ್ಜಿ ಇರುವ ತನಕ ರಜೆ ಬಂದರೆ ಎಲ್ಲರೂ ಒಂದೇ ಅಂಗಳದಲ್ಲಿ ಸೇರುತ್ತಿದ್ದರು. ಈಗ ಆ ಮನೆಗೆ ಬೀಗ. ಇಂಟರ್ನೆಟ್ಟಿನಲ್ಲಿ ಸಿಗುವ ಸಾರ್ವಜನಿಕ ಸರ್ವರ್‌ಗಳಲ್ಲಿ ಆಡಬಹುದು, ಆದರೆ ಅಲ್ಲಿ ಚಾಟ್ ಮಾಡುವವರು ಯಾರೋ ಏನೋ ಅಂತ ಅಕ್ಕನಿಗೆ ಭಯ. ಸರಿ, ಮಣಿಪಾಲದ ನನ್ನ ಫ್ಲ್ಯಾಟಿನಲ್ಲಿದ್ದ ಹಳೇ ಕಂಪ್ಯೂಟರನ್ನೇ ಸರ್ವರ್ ಮಾಡುವುದೆಂದು ಒಪ್ಪಿಕೊಂಡೆ. ಒಂದು ಗಂಟೆಯ ಕೆಲಸ ಅಂದುಕೊಂಡಿದ್ದೆ ಮಾರ್ರೆ, ಮೂರು ರಾತ್ರಿ ಹಿಡಿಯಿತು.

ಪೋರ್ಟ್ ಅಂದರೆ ನಮ್ಮ ಕಡೆಯವರಿಗೆ ಮಲ್ಪೆ ನೆನಪಾಗುತ್ತದೆ. ಇದು ಬೇರೆ. ಹೊರಗಿನವರಿಗೆ ಗೊತ್ತಿರುವುದು ನಮ್ಮ ಕಟ್ಟಡದ ವಿಳಾಸ ಮಾತ್ರ. ಯಾವ ಫ್ಲ್ಯಾಟಿಗೆ ಎಂದು ಮೊದಲೇ ತಿಳಿಸಿರದಿದ್ದರೆ ವಾಚ್‌ಮನ್ ಬಂದವರನ್ನು ವಾಪಸ್ ಕಳಿಸುತ್ತಾನೆ. ನಿಮ್ಮ ವೈಫೈ ರೂಟರೇ ಆ ವಾಚ್‌ಮನ್. "25565 ಎಂದು ಕೇಳಿಕೊಂಡು ಬಂದವರನ್ನು ಈ ಕಂಪ್ಯೂಟರಿಗೆ ಬಿಡು" ಎಂದು ಅವನ ಪುಸ್ತಕದಲ್ಲಿ ಬರೆದಿಡುವುದಕ್ಕೆ ಪೋರ್ಟ್ ಫಾರ್ವರ್ಡಿಂಗ್ ಎನ್ನುತ್ತಾರೆ. 25565 ಮೈನ್‌ಕ್ರಾಫ್ಟ್ ಜಾವಾ ಆವೃತ್ತಿಯ ಪೋರ್ಟ್. ಮೊಬೈಲಿನ ಬೆಡ್‌ರಾಕ್ ಆವೃತ್ತಿಗೆ 19132.

ಕಂಪ್ಯೂಟರಿಗೆ ಮನೆಯೊಳಗಿನ ಖಾಯಂ ವಿಳಾಸ ಕೊಟ್ಟೆ, 192.168.1.10. ರೂಟರಿನಲ್ಲಿ ನಿಯಮ ಬರೆದೆ. ವಿಂಡೋಸ್ ಫೈರ್‌ವಾಲಿನಲ್ಲೂ ಅನುಮತಿ ಕೊಟ್ಟೆ. ಮನೆಯ ವೈಫೈಯಲ್ಲೇ ಪರೀಕ್ಷಿಸಿದರೆ ಮೋಸ ಹೋಗುತ್ತೇವೆಂದು ಮೊಬೈಲ್ ಡಾಟಾದಿಂದ ನೋಡಿದೆ. ಊಹೂಂ. ಕಾರ್ಕಳದಿಂದಲೂ ಇಲ್ಲ, ಕಾಪುವಿನಿಂದಲೂ ಇಲ್ಲ.

ಮೂರನೇ ರಾತ್ರಿ ಹೊಳೆಯಿತು. ರೂಟರಿನ ಪುಟದಲ್ಲಿದ್ದ ಹೊರಗಿನ ವಿಳಾಸ 100ರಿಂದ ಶುರುವಾಗುತ್ತಿತ್ತು. ಬ್ರೌಸರಿನಲ್ಲಿ "ನನ್ನ ಐಪಿ ಏನು" ಎಂದು ಹುಡುಕಿದರೆ ಬೇರೆಯೇ ಸಂಖ್ಯೆ. ಅಂದರೆ ನಮ್ಮ ವಾಚ್‌ಮನ್‌ಗಿಂತ ಆಚೆ, ರಸ್ತೆಯ ತುದಿಯಲ್ಲಿ, ಇನ್ನೊಂದು ಗೇಟಿದೆ. ಅದರ ಕೀಲಿ ಇಂಟರ್ನೆಟ್ ಕೊಡುವವರ ಕೈಯಲ್ಲಿ.

ಯಾಕೆ ಹೀಗೆ? ಹಳೆಯ ಪದ್ಧತಿಯ ಐಪಿ ವಿಳಾಸಗಳು ಇರುವುದೇ ಸುಮಾರು 430 ಕೋಟಿ. ನಮ್ಮ ಏಷ್ಯಾ-ಪೆಸಿಫಿಕ್ ಭಾಗಕ್ಕೆ ಅವನ್ನು ಹಂಚುವ ಎಪಿನಿಕ್ ಸಂಸ್ಥೆಯಲ್ಲಿ 2011ರ ಏಪ್ರಿಲ್ 15ರಂದೇ ಮಾಮೂಲಿ ದಾಸ್ತಾನು ಮುಗಿದು ರೇಷನ್ ಶುರುವಾಗಿತ್ತು. ಹಾಗಾಗಿ ಒಂದೇ ವಿಳಾಸವನ್ನು ನೂರಾರು ಮನೆಗಳಿಗೆ ಹಂಚುತ್ತಾರೆ. ಈ ಹಂಚಿಕೆಗೆಂದೇ 2012ರಲ್ಲಿ 100.64ರಿಂದ 100.127ರವರೆಗಿನ ಸಂಖ್ಯೆಗಳನ್ನು ಮೀಸಲಿಟ್ಟರು. ಇದಕ್ಕೆ ಸಿಜಿನ್ಯಾಟ್ ಎಂದು ಹೆಸರು. ನಿಮ್ಮ ರೂಟರ್ ಆ ಸಂಖ್ಯೆ ತೋರಿಸಿದರೆ ಎಷ್ಟು ನಿಯಮ ಬರೆದರೂ ದಂಡ. ಇದನ್ನು ಮೊದಲೇ ನೋಡಿದ್ದರೆ ನನಗೆ ಎರಡು ರಾತ್ರಿ ನಿದ್ದೆ ಉಳಿಯುತ್ತಿತ್ತು.

ತಿಂಗಳಿಗೆ ಇಷ್ಟು ಅಂತ ಹೆಚ್ಚಿಗೆ ಕೊಟ್ಟು ಸ್ವಂತ ವಿಳಾಸ ಪಡೆದೆ. ಆಟ ಶುರುವಾಯಿತು. ಮೂವರೂ ಸೇರಿ ಅಜ್ಜಿಮನೆಯನ್ನೇ ಕಟ್ಟಿದರು, ಬಾವಿಕಟ್ಟೆ ಸಮೇತ.

ನಾಲ್ಕನೇ ದಿನ ಸರ್ವರಿನ ಲಾಗ್ ತೆರೆದು ನೋಡಿದೆ. ಮಕ್ಕಳೆಲ್ಲ ಮಲಗಿದ್ದ ಹೊತ್ತಿನಲ್ಲಿ ಗುರುತಿಲ್ಲದ ವಿಳಾಸಗಳಿಂದ ಬಾಗಿಲು ಬಡಿದಿದ್ದಾರೆ! ಇದು ನನ್ನೊಬ್ಬನ ಮೇಲಿನ ದ್ವೇಷವೇನಲ್ಲ, ತೆರೆದ ಪೋರ್ಟ್ ಹುಡುಕುವ ಪ್ರೋಗ್ರಾಂಗಳು ಇಡೀ ಇಂಟರ್ನೆಟ್ಟನ್ನು ತಡಕಾಡುತ್ತಲೇ ಇರುತ್ತವೆ. ಹೆಸರಿದ್ದವರಿಗೆ ಮಾತ್ರ ಪ್ರವೇಶ ಕೊಡುವ ವೈಟ್‌ಲಿಸ್ಟ್ ಹಾಕಿದ್ದರಿಂದ ಯಾರೂ ಒಳಗೆ ಬಂದಿರಲಿಲ್ಲ. ಆದರೂ 2021ರ ಡಿಸೆಂಬರ್ ನೆನಪಾಯಿತು. ಲಾಗ್4ಜೆ ಎಂಬ ಪುಟ್ಟ ಸಾಫ್ಟ್‌ವೇರಿನ ದೋಷದಿಂದ ಮೈನ್‌ಕ್ರಾಫ್ಟಿನ ಚಾಟ್‌ನಲ್ಲಿ ಒಂದು ಸಾಲು ಬರೆದೇ ಸರ್ವರನ್ನು ವಶಪಡಿಸಿಕೊಳ್ಳಬಹುದಿತ್ತು. ನನ್ನ ಆಫೀಸಿನ ಲ್ಯಾಪ್‌ಟಾಪ್ ಕೂಡ ಅದೇ ವೈಫೈಯಲ್ಲಿ ಇರುತ್ತದೆ.

ದುಡ್ಡು ಕೊಟ್ಟು ತೆರೆಸಿದ ಬಾಗಿಲನ್ನು ನಾನೇ ಮುಚ್ಚಿದೆ. ಈಗ ಟೇಲ್‌ಸ್ಕೇಲ್ ಬಳಸುತ್ತೇವೆ. ಮೂರು ಮನೆಯ ಕಂಪ್ಯೂಟರುಗಳಿಗೂ ಅದನ್ನು ಹಾಕಿದರೆ ಅವುಗಳ ನಡುವೆ ಖಾಸಗಿ ದಾರಿ ಏರ್ಪಡುತ್ತದೆ. ಪೋರ್ಟ್ ತೆರೆಯುವುದೂ ಬೇಡ, ಸಿಜಿನ್ಯಾಟಿನ ಚಿಂತೆಯೂ ಬೇಡ. ಊರಿಗೆಲ್ಲ ಸರ್ವರ್ ನಡೆಸುವವರಿಗೆ ಪೋರ್ಟ್ ಫಾರ್ವರ್ಡಿಂಗ್ ಇರಲಿ, ಮೂರು ಮಕ್ಕಳಿಗೆ ಇಷ್ಟು ಧಾರಾಳ.

ಶನಿವಾರ ಸಂಜೆ ಏಳರಿಂದ ಒಂಬತ್ತು ನಮ್ಮ ಸಮಯ. ಒಂಬತ್ತೂ ಕಾಲಾದರೆ ಕಾರ್ಕಳದಿಂದ ಅಕ್ಕನ ಫೋನು ಬರುತ್ತದೆ: "ಊಟಕ್ಕೆ ಕರೆದ್ರೆ ಕೇಳ್ತಾ ಇಲ್ಲ, ನಿನ್ನ ಸರ್ವರ್ ಬಂದ್ ಮಾಡು ಮಾರಾಯ."