ಪಾಠಕ್ಕೆ ಮೊದಲು ಬರೆದ ಪಾಠ

ಪುತ್ತೂರಿನ ದರ್ಬೆಯಲ್ಲಿ ಬಸ್ಸಿಳಿದವರು ಶಾಲೆ ಎಲ್ಲಿ, ಕಾಲೇಜು ಎಲ್ಲಿ ಎಂದು ಕೇಳಬೇಕಾಗಿಲ್ಲ. ಬೆಳಗ್ಗೆ ಸುಳ್ಯದ ಕಡೆಯಿಂದಲೂ ಕಾಣಿಯೂರಿನ ಕಡೆಯಿಂದಲೂ ಬರುವ ಬಸ್ಸುಗಳು ಇಳಿಸಿ ಹೋಗುವ ಸಮವಸ್ತ್ರಗಳ ಹಿಂದೆ ನಡೆದರೆ ಸಾಕು. ಮೊನ್ಸಿಂಜೊರ್ ಆಂಟನಿ ಪತ್ರಾವೊ 1958ರಲ್ಲಿ ಕಟ್ಟಿದ ಸಂತ ಫಿಲೋಮಿನಾ ಕಾಲೇಜು ಇಲ್ಲಿದೆ. ಬೆಥನಿ ಸಿಸ್ಟರುಗಳ ಲಿಟ್ಲ್ ಫ್ಲವರ್ ಶಾಲೆ ಇಲ್ಲಿದೆ. ಪೇಟೆಯ ಕಡೆಗೆ ನಡೆದರೆ ಸಂತ ವಿಕ್ಟರನ ಬಾಲಿಕಾ ಪ್ರೌಢಶಾಲೆ ಸಿಗುತ್ತದೆ. ಇವುಗಳ ಬಗ್ಗೆ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಬಂದದ್ದು ಒಂದು ನೋಟ್‌ಪುಸ್ತಕ ನೋಡಲು.

ಪುಸ್ತಕ ಇರುವುದು ಇಲ್ಲಿನ ನಿವೃತ್ತ ಟೀಚರೊಬ್ಬರ ಕಪಾಟಿನಲ್ಲಿ. ಹೆಸರು ಹಾಕಬೇಡಿ ಎಂದು ಅವರು ಮೊದಲೇ ಷರತ್ತು ಹಾಕಿದ್ದಾರೆ, ಹಾಗಾಗಿ ಟೀಚರ್ ಎಂದಷ್ಟೇ ಬರೆಯುತ್ತೇನೆ. ಊರಲ್ಲಿ ಅವರನ್ನು ಕರೆಯುವುದೂ ಹಾಗೆಯೇ. ಅರುವತ್ತರ ದಶಕದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಮಂಗಳೂರಿನ ಕಾನ್ವೆಂಟೊಂದರ ಹಾಸ್ಟೆಲಿನಲ್ಲಿದ್ದು ಟ್ರೈನಿಂಗ್ ಮಾಡಿದವರು. ಆಮೇಲೆ ನಿವೃತ್ತಿಯ ತನಕ ಹೆಣ್ಣುಮಕ್ಕಳಿಗೇ ಪಾಠ ಮಾಡಿದರು. ಖಾಕಿ ಕಾಗದದ ಹೊದಿಕೆ ಹಾಕಿದ ಆ ದಪ್ಪ ಪುಸ್ತಕ ಅವರ ಟ್ರೈನಿಂಗ್ ಕಾಲದ ಪಾಠ ಟಿಪ್ಪಣಿ.

ಒಂದು ಪಾಠಕ್ಕೆ ನಾಲ್ಕು ಪುಟ. ಉದ್ದೇಶ, ಪಾಠೋಪಕರಣ, ಪೀಠಿಕೆ, ವಿಷಯ ನಿರೂಪಣೆ, ಪುನರಾವರ್ತನೆ, ಮನೆಗೆಲಸ ಎಂದು ಗೆರೆ ಹಾಕಿದ ಕಾಲಮುಗಳು. ಟೀಚರು ಕೇಳಬೇಕಾದ ಪ್ರಶ್ನೆ ಎಡಕ್ಕೆ, ಮಕ್ಕಳಿಂದ ನಿರೀಕ್ಷಿಸುವ ಉತ್ತರ ಬಲಕ್ಕೆ. ಕಪ್ಪುಹಲಗೆಯಲ್ಲಿ ಯಾವ ಮೂಲೆಗೆ ಏನು ಬರಬೇಕೆಂಬುದಕ್ಕೂ ಒಂದು ಪುಟ್ಟ ಚೌಕ. ಅಕ್ಷರವಂತೂ ಅಚ್ಚು ಹಾಕಿದ ಹಾಗೆ. ಅಂಚಿನಲ್ಲಿ ಮೇಲ್ವಿಚಾರಣೆಯ ಸಿಸ್ಟರ್ ಕೆಂಪು ಶಾಯಿಯಲ್ಲಿ ಬರೆದದ್ದು ಉಂಟು. ಮಕ್ಕಳು ಬರೇ ಹೌದು, ಅಲ್ಲ ಎಂದು ಹೇಳಿ ಕೂರಬಹುದಾದ ಪ್ರಶ್ನೆಗಳಿಗೆಲ್ಲ ಅಡ್ಡಗೆರೆ ಬಿದ್ದಿದೆ. ಪೀಠಿಕೆ ಉದ್ದವಾದಲ್ಲೂ ಗೆರೆ, ಒಬ್ಬಳೇ ಹುಡುಗಿಗೆ ಎರಡು ಸಲ ಪ್ರಶ್ನೆ ಹೋದಲ್ಲೂ ಗೆರೆ.

ನಾನು ಹೆಚ್ಚು ಹೊತ್ತು ಕೂತದ್ದು ಎಲೆಯ ಪಾಠದ ಮುಂದೆ. ಅದು ವಿಮರ್ಶಾ ಪಾಠವಾಗಿತ್ತು. ಅಂದರೆ ಒಬ್ಬಳು ನಿಜವಾದ ತರಗತಿಯೊಂದಕ್ಕೆ ಪಾಠ ಮಾಡಬೇಕು. ಜತೆಯ ವಿದ್ಯಾರ್ಥಿನಿಯರೂ ಸಿಸ್ಟರೂ ಹಿಂದೆ ಬೆಂಚಿನಲ್ಲಿ ಕೂತು ತಪ್ಪು ಬರೆದುಕೊಳ್ಳಬೇಕು. ಬೆಲ್ಲಾದ ಮೇಲೆ ಅವನ್ನೆಲ್ಲ ಪಾಠ ಮಾಡಿದವಳ ಎದುರಿಗೇ ಓದಬೇಕು. ನಮ್ಮ ಟೀಚರು ಹಲಸಿನ ಎಲೆ, ಬಿದಿರಿನ ಎಲೆ ಎರಡನ್ನೂ ತಂದಿದ್ದರು. ಹಲಸಿನದ್ದರಲ್ಲಿ ನರಗಳು ಬಲೆಯಂತೆ ಹೆಣೆದಿರುತ್ತವೆ, ಬಿದಿರಿನದ್ದರಲ್ಲಿ ಉದ್ದಕ್ಕೆ ಒಂದರ ಪಕ್ಕ ಒಂದು ಸಾಗುತ್ತವೆ. ಪಾಠ ಸಲೀಸಾಗಿ ಮುಗಿಯುತ್ತ ಬಂದಿತ್ತು. ಆಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, ವೀಳ್ಯದೆಲೆ ಯಾವುದಕ್ಕೆ ಸೇರಿತು ಟೀಚರೇ ಎಂದಳು.

ವೀಳ್ಯದೆಲೆಯನ್ನು ಬೆಳಕಿಗೆ ಹಿಡಿದು ನೋಡಿ. ದಪ್ಪ ನರಗಳು ತೊಟ್ಟಿನ ಹತ್ತಿರ ಹುಟ್ಟಿ ಬಾಗಿಕೊಂಡು ತುದಿಯ ಕಡೆಗೆ ಓಡುತ್ತವೆ. ಮೇಲ್ನೋಟಕ್ಕೆ ಬಿದಿರಿನ ಸಾಲಿಗೆ ಸೇರಿಸೋಣ ಅನಿಸುತ್ತದೆ. ಆದರೆ ಅವುಗಳ ನಡುವೆ ಸಣ್ಣ ಬಲೆಯೂ ಇದೆ. ಟಿಪ್ಪಣಿಯ ಬಲಬದಿಯಲ್ಲಿ ಈ ಉತ್ತರ ಇರಲಿಲ್ಲ. ಟೀಚರು ತಡವರಿಸಿದರು, ಆಮೇಲೆ ಎಲೆ ತಂದು ನೋಡುವ ಎಂದರು. ವಿಮರ್ಶೆಯ ಹೊತ್ತಿಗೆ ಗೆಳತಿಯರು ಇದನ್ನೇ ಹಿಡಿದುಕೊಂಡರಂತೆ. ಸಿಸ್ಟರ್ ಮಾತ್ರ ಅದನ್ನು ತಪ್ಪಿನ ಪಟ್ಟಿಗೆ ಸೇರಿಸಲಿಲ್ಲ. ಮಾರನೇ ದಿನ ವೀಳ್ಯದೆಲೆ ಹಿಡಿದುಕೊಂಡು ಅದೇ ತರಗತಿಗೆ ಹೋಗಿ ಉತ್ತರ ಹೇಳಿ ಬಾ ಎಂದು ಕಳಿಸಿದರು, ಹೋಗಿದ್ದಾಳೋ ಇಲ್ಲವೋ ಎಂದು ಬಾಗಿಲಲ್ಲಿ ಬಂದು ನೋಡಿಯೂ ಹೋದರು. ಹೆಣ್ಣುಮಕ್ಕಳ ಕಾನ್ವೆಂಟಿನ ಶಿಸ್ತು ಎಂದರೆ ಜಡೆ, ರಿಬ್ಬನ್ನು, ಮೌನದ ಸಾಲು ಎಂದು ನಾವೆಲ್ಲ ತಮಾಷೆ ಮಾಡುತ್ತೇವೆ. ಈ ಬಾಗಿಲಲ್ಲಿ ನಿಂತ ಸಿಸ್ಟರ್ ಆ ತಮಾಷೆಯಲ್ಲಿ ಬರುವುದಿಲ್ಲ.

ಇಷ್ಟು ಗಟ್ಟಿ ಕಲಿಸುವ ಪದ್ಧತಿ ಈ ಕರಾವಳಿಗೆ ಬಂದ ಕತೆಯಲ್ಲಿ ಒಂದು ವಿಚಿತ್ರ ಉಂಟು. ಮಂಗಳೂರಿನ ಸಂತ ಆನ್ನರ ಶಾಲೆಯಿಂದ ಹಿಡಿದು ಸಂತ ಆಗ್ನೆಸ್ ಕಾಲೇಜು, ಬೆಂಗಳೂರಿನ ಮೌಂಟ್ ಕಾರ್ಮೆಲ್ ತನಕ ನಡೆಸಿಕೊಂಡು ಬಂದಿರುವುದು ಅಪೋಸ್ತಲಿಕ್ ಕಾರ್ಮೆಲ್ ಎಂಬ ಸನ್ಯಾಸಿನಿಯರ ಸಂಸ್ಥೆ. ಅದನ್ನು ಹುಟ್ಟುಹಾಕಿದವರು ಮದರ್ ವೆರೋನಿಕಾ. 1823ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ, ಆಂಗ್ಲಿಕನ್ ಪಾದ್ರಿಯೊಬ್ಬರ ಮಗಳಾಗಿ ಹುಟ್ಟಿದ ಸೋಫಿ ಲೀವ್ಸ್. ಕೆಥೋಲಿಕ್ ಪಂಥಕ್ಕೆ ಸೇರಿ ಸನ್ಯಾಸ ಹಿಡಿದು, ಕೆಲಕಾಲ ಕಲ್ಲಿಕೋಟೆಯಲ್ಲಿ ಕಾನ್ವೆಂಟ್ ಶಾಲೆ ನಡೆಸಿದ್ದರು. ಈ ಕಡೆಯ ಹೆಣ್ಣುಮಕ್ಕಳಿಗೆ ಪಾಠ ಹೇಳಲೆಂದೇ ಸನ್ಯಾಸಿನಿಯರನ್ನು ತಯಾರು ಮಾಡಬೇಕೆಂದು 1868ರಲ್ಲಿ ಫ್ರಾನ್ಸಿನ ಬಯೊನ್‌ನಲ್ಲಿ ಸಂಸ್ಥೆ ತೆರೆದರು. 1870ರ ನವೆಂಬರಿನಲ್ಲಿ ಅಲ್ಲಿಂದ ಹೊರಟ ಪುಟ್ಟ ತಂಡ ಮಂಗಳೂರು ಮುಟ್ಟಿತು. ವೆರೋನಿಕಾ ಬರಲಿಲ್ಲ. ಆಮೇಲೆಯೂ ಬರಲಿಲ್ಲ. ಬಯೊನ್‌ನ ಮನೆ ಮುಚ್ಚಿತು. ಅವರು ಏಕಾಂತ ಮಠದ ಸನ್ಯಾಸಿನಿಯಾಗಿಯೇ ಉಳಿದು 1906ರಲ್ಲಿ ಫ್ರಾನ್ಸಿನಲ್ಲಿ ತೀರಿಕೊಂಡರು. ಸಾವಿರಾರು ಹುಡುಗಿಯರು ಓದಿದ ಮಂಗಳೂರಿನ ಆ ಶಾಲೆಗಳಲ್ಲಿ ಒಂದನ್ನೂ ಅವರು ಕಣ್ಣಾರೆ ಕಂಡವರಲ್ಲ.

ವೆರೋನಿಕಾರ ನೆರಳಲ್ಲಿ ಬೆಳೆದು, ಅವರ ಜತೆಯಲ್ಲೇ ಕಾರ್ಮೆಲ್ ಮಠ ಸೇರಿದ್ದ ಇನ್ನೊಬ್ಬಳು ಮಾತ್ರ ಬಂದಳು. ಮರಿಯಂ ಬವಾರ್ದಿ, ಗಲಿಲಾಯದ ಒಂದು ಹಳ್ಳಿಯ ಅರಬ್ ಹುಡುಗಿ. ಎಳವೆಯಲ್ಲೇ ಅಪ್ಪ ಅಮ್ಮನನ್ನು ಕಳೆದುಕೊಂಡು ಮನೆಗೆಲಸಕ್ಕೆ ನಿಂತವಳು, ಓದುಬರಹ ಬಾರದವಳು ಎಂದೇ ಹೇಳಬಹುದು. ಏಕಾಂತ ಮಠ ಸ್ಥಾಪಿಸಲು 1870ರಲ್ಲಿ ಮಂಗಳೂರಿಗೆ ಬಂದವರಲ್ಲಿ ಆಕೆಯೂ ಇದ್ದಳು. ಇಲ್ಲಿಯೇ 1871ರಲ್ಲಿ ವ್ರತ ತೊಟ್ಟು, ಮುಂದಿನ ವರ್ಷ ಫ್ರಾನ್ಸಿಗೆ ಮರಳಿದಳು. 1878ರಲ್ಲಿ ಬೆತ್ಲೆಹೇಮಿನಲ್ಲಿ ತೀರಿಕೊಂಡ ಆಕೆಯನ್ನು 2015ರಲ್ಲಿ ಪೋಪ್ ಫ್ರಾನ್ಸಿಸ್ ಸಂತಳೆಂದು ಘೋಷಿಸಿದರು. ಶಾಲೆಯ ಕನಸು ಕಂಡವರಿಗೆ ಮಂಗಳೂರು ದಕ್ಕಲಿಲ್ಲ, ಶಾಲೆಯನ್ನೇ ಕಾಣದವಳಿಗೆ ದಕ್ಕಿತು. ಟೀಚರಿಗೆ ಈ ಕತೆ ಗೊತ್ತಿತ್ತು. ಹಾಸ್ಟೆಲಿನಲ್ಲಿ ಊಟದ ಹೊತ್ತಿಗೆ ಗಟ್ಟಿಯಾಗಿ ಓದಿಸುತ್ತಿದ್ದರಂತೆ.

ಉಳಿದ ಚರಿತ್ರೆ ಬಹಳ ಮಂದಿಗೆ ಗೊತ್ತಿರುವಂಥದ್ದೇ. ಮುಂದೆ ಕೆನರಾ ಬ್ಯಾಂಕ್ ಕಟ್ಟಿದ ಅಮ್ಮೆಂಬಳ ಸುಬ್ಬರಾವ್ ಪೈಗಳು 1894ರಲ್ಲಿ ಕೆನರಾ ಹೆಣ್ಣುಮಕ್ಕಳ ಶಾಲೆ ತೆರೆದರು. 1921ರಲ್ಲಿ ಮಂಗಳೂರಿನ ಬೆಂದೂರಿನಲ್ಲಿ ಎರಡು ಸಂಗತಿ ಒಟ್ಟಿಗೇ ನಡೆದವು: ಸಂತ ಆಗ್ನೆಸ್ ಕಾಲೇಜು ಶುರುವಾಯಿತು, ಅಲ್ಲಿನ ಇಗರ್ಜಿಯ ವಿಗಾರರಾಗಿದ್ದ ಆರ್.ಎಫ್.ಸಿ. ಮಸ್ಕರೇನ್ಹಸ್ ನಾಲ್ವರು ಯುವತಿಯರನ್ನು ಜತೆಮಾಡಿ ಬೆಥನಿ ಸಂಸ್ಥೆ ಆರಂಭಿಸಿದರು. ಒಂದು ಪಟ್ಟಣದ ಹುಡುಗಿಯರನ್ನು ಪದವಿಯ ತನಕ ಒಯ್ದಿತು. ಇನ್ನೊಂದು ಹಳ್ಳಿಯ ದಾರಿ ಹಿಡಿಯಿತು. ದರ್ಬೆಯ ತನಕ ಬಂದದ್ದು ಈ ಎರಡನೆಯದು.

ಹಾಸ್ಟೆಲಿನ ವಿಷಯ ಎತ್ತಿದರೆ ಟೀಚರು ಮಗುವಿನ ಹಾಗೆ ಆಗುತ್ತಾರೆ. ಬೆಳಗ್ಗೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ. ಸಂಜೆ ಸ್ಟಡಿ ಬೆಲ್ಲಾದರೆ ಮಾತಿಲ್ಲ. ಬಟ್ಟೆ ಒಗೆಯುವ ಕಲ್ಲಿಗೂ ಪಾಳಿ. ಕೋಣೆಯಲ್ಲಿ ಒಬ್ಬಳದ್ದು ತುಳು, ಇನ್ನೊಬ್ಬಳದ್ದು ಕೊಂಕಣಿ, ಸುಳ್ಯದವಳದ್ದು ಅರೆಭಾಷೆ, ಕಡಬದ ಕಡೆಯವಳದ್ದು ಮಲಯಾಳ, ಇವರದ್ದು ಹವ್ಯಕ ಕನ್ನಡ. ಜಗಳ ಮಾತ್ರ ಎಲ್ಲರಿಗೂ ಅರ್ಥವಾಗಲಿ ಎಂದು ಪುಸ್ತಕದ ಕನ್ನಡದಲ್ಲಿ ಆಗುತ್ತಿತ್ತಂತೆ. ಊರಿಗೆ ಬಂದು ಪಾಠ ಮಾಡುವಾಗ ಇದೇ ಅವರ ಕೈಹಿಡಿಯಿತು. ಒಂದನೇ ಕ್ಲಾಸಿಗೆ ಬಂದ ಮಗುವಿಗೆ ಕನ್ನಡ ಮನೆಮಾತಲ್ಲ ಎಂಬುದು ಗೊತ್ತಿರುವ ಟೀಚರು ಪ್ರಶ್ನೆ ಕೇಳಿ ಸ್ವಲ್ಪ ಹೆಚ್ಚು ಹೊತ್ತು ಕಾಯುತ್ತಾರೆ. ಆ ಕಾಯುವ ಹೊತ್ತಿಗೆ ಟಿಪ್ಪಣಿಯಲ್ಲಿ ಕಾಲಮು ಇರಲಿಲ್ಲ.

ಈಗಿನ ಸ್ಥಿತಿ ಹೇಳದಿದ್ದರೆ ಲೇಖನ ಅರ್ಧವಾದೀತು. ಟೀಚರ್ ಟ್ರೈನಿಂಗಿಗೆ ಟಿಸಿಎಚ್ ಎಂದಿದ್ದದ್ದು ಡಿಎಡ್ ಆಯಿತು, ಡಿಎಲ್‌ಎಡ್ ಆಯಿತು. ಒಂದು ಕಾಲದಲ್ಲಿ ಸೀಟಿಗಾಗಿ ಶಿಫಾರಸು ಹಿಡಿಯುತ್ತಿದ್ದ ಕೋರ್ಸಿಗೆ ಈಗ ರಾಜ್ಯದ ಉದ್ದಕ್ಕೂ ಸೇರುವವರಿಲ್ಲ, ಎಷ್ಟೋ ಸಂಸ್ಥೆಗಳು ಬಾಗಿಲು ಹಾಕಿವೆ. ಅನುದಾನಿತ ಕನ್ನಡ ಶಾಲೆಗಳಲ್ಲಿ ನಿವೃತ್ತರಾದವರ ಜಾಗ ವರ್ಷಗಟ್ಟಲೆ ಖಾಲಿ ಬಿದ್ದಿರುತ್ತದೆ. ಆಡಳಿತ ಮಂಡಳಿಯೋ ಹಳೆ ವಿದ್ಯಾರ್ಥಿಗಳೋ ಹಣ ಒಟ್ಟುಮಾಡಿ ಗೌರವ ಶಿಕ್ಷಕಿಯರನ್ನು ಇಟ್ಟುಕೊಳ್ಳುತ್ತಾರೆ. ಗೌರವ ಇರುವುದು ಹೆಸರಿನಲ್ಲಿ, ಸಂಬಳದಲ್ಲಿ ಅಲ್ಲ. ಫಲಿತಾಂಶದ ದಿನ ನಮ್ಮ ಜಿಲ್ಲೆ ಎಷ್ಟನೇ ಸ್ಥಾನಕ್ಕೆ ಬಂತೆಂದು ತಲೆಬಿಸಿ ಮಾಡಿಕೊಳ್ಳುವ ನಾವು, ಒಂದನೇ ಕ್ಲಾಸಿನಲ್ಲಿ ನಿಂತು ಕಲಿಸುವವಳ ತಿಂಗಳ ಲೆಕ್ಕ ಕೇಳುವುದಿಲ್ಲ.

ಎರಡು ವರ್ಷದ ಕೆಳಗೆ ಅಂಥ ಒಬ್ಬ ಗೌರವ ಶಿಕ್ಷಕಿ, ಟೀಚರ ಪರಿಚಯದವರ ಮಗಳು, ಈ ನೋಟ್‌ಪುಸ್ತಕ ಕೇಳಿಕೊಂಡು ಬಂದಿದ್ದಳು. ಶನಿವಾರ ಮಧ್ಯಾಹ್ನ ಜಗಲಿಯಲ್ಲಿ ಕೂತು ವಾರದ ಪಾಠ ಬರೆಯುತ್ತಿದ್ದಳು. ಟೀಚರು ಓದಿ, ಬೇಡದ ಪ್ರಶ್ನೆಗಳಿಗೆ ಪೆನ್ಸಿಲಿನಲ್ಲಿ ಗೆರೆ ಹಾಕುತ್ತಿದ್ದರು. ಕೆಂಪು ಶಾಯಿ ಬಳಸುವಷ್ಟು ತಾನು ದೊಡ್ಡವಳಲ್ಲ ಎಂಬುದು ಅವರ ವಾದ. ಹುಡುಗಿ ಚೆನ್ನಾಗಿ ಕಲಿಸುತ್ತಿದ್ದಳಂತೆ, ಪ್ರಶ್ನೆ ಕೇಳಿ ಕಾಯುವುದು ಅವಳಿಗೆ ಯಾರೂ ಹೇಳಿಕೊಡದೆಯೇ ಬಂದಿತ್ತಂತೆ. ಈ ಸಲ ಶಾಲೆ ಶುರುವಾಗುವ ಮೊದಲು ಅವಳು ಬೆಂಗಳೂರಿಗೆ ಹೋದಳು. ಕಂಪನಿಯೊಂದರಲ್ಲಿ ಫೋನಿಗೆ ಉತ್ತರ ಕೊಡುವ ಕೆಲಸ, ತಿಂಗಳ ಒಂದನೇ ತಾರೀಕಿಗೆ ಸಂಬಳ. ಹೊರಡುವ ಮುಂಚೆ ಹೇಳಿ ಹೋಗಲು ಬಂದಿದ್ದಳು. ಹೋಗಬೇಡ ಎನ್ನಲು ಟೀಚರಿಗೂ ಬಾಯಿ ಬರಲಿಲ್ಲ.