ನೀರು ನಿಲ್ಲುವ ಅಂಗಳಕ್ಕೆ ಕೃತಕ ಹುಲ್ಲು: ಹಾಸುವ ಮುನ್ನ ತಿಳಿಯಬೇಕಾದುದು

ಮಳೆಗಾಲ ಬಂತೆಂದರೆ ಕಲ್ಯಾಣ ಮಂಟಪ, ಹೋಟೆಲು, ಶಾಲೆ ಹಾಗೂ ಕಾರ್ಖಾನೆಗಳ ಮುಂದಿನ ಹುಲ್ಲುಹಾಸು ಕೆಸರುಗದ್ದೆಯಾಗುವುದು ಬೆಂಗಳೂರಿನ ಉದ್ಯಮಿಗಳಿಗೆ ಹೊಸತಲ್ಲ. ಹಿಂದೆ ಕೆರೆ, ಗದ್ದೆಗಳಿದ್ದ ತಗ್ಗು ಪ್ರದೇಶಗಳಲ್ಲಿ ಈ ತೊಂದರೆ ಇನ್ನೂ ಅಧಿಕ. ಪರಿಹಾರವೆಂದು ಕೃತಕ ಹುಲ್ಲು ಹಾಸಿಸಿದವರಲ್ಲಿ ಕೆಲವರಿಗೆ ಅನುಕೂಲವಾದರೆ, ಮತ್ತೆ ಕೆಲವರ ಹಣ ಮೊದಲ ಮಳೆಗೇ ನೀರುಪಾಲಾಗುತ್ತದೆ. ಈ ವ್ಯತ್ಯಾಸ ಹೆಚ್ಚಾಗಿ ಉಂಟಾಗುವುದು ಹುಲ್ಲಿನ ಕೆಳಗಿನ ಕಾಮಗಾರಿಯಿಂದ.

ಹುಲ್ಲಿನ ಪಾತ್ರ

1966ರಲ್ಲಿ ಅಮೆರಿಕದ ಹೂಸ್ಟನ್ ನಗರದ ಆಸ್ಟ್ರೋಡೋಮ್ ಕ್ರೀಡಾಂಗಣದಲ್ಲಿ ಬಳಕೆಗೆ ಬಂದು ಹೆಸರಾದ ಕೃತಕ ಹುಲ್ಲು, 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿ ಮೈದಾನವನ್ನೂ ಪ್ರವೇಶಿಸಿತು. ಇಂದಿನ ಅಂಗಳದ ಹುಲ್ಲು ಬಹುತೇಕ ಪಾಲಿಎಥಿಲೀನ್ ಎಳೆಗಳಿಂದಾದುದು. ಹಿಂಬದಿಯ ರಂಧ್ರಗಳ ಮೂಲಕ ಅದು ನೀರನ್ನು ಕೆಳಕ್ಕೆ ಬಿಡುತ್ತದೆ, ತಾನು ಹೀರಿಕೊಳ್ಳುವುದಿಲ್ಲ. ಇಳಿದ ನೀರಿಗೆ ದಾರಿ ಕಲ್ಪಿಸುವುದು ನಮ್ಮ ಹೊಣೆ.

ಒಂದು ಸರಳ ಲೆಕ್ಕ

ಸಾವಿರ ಚದರಡಿ ಅಂಗಳದ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಸುಮಾರು 4,600 ಲೀಟರ್ ನೀರು ಸೇರುತ್ತದೆ. ಹುಲ್ಲಿನಡಿ 100 ಮಿ.ಮೀ. ದಪ್ಪ ಜಲ್ಲಿ ಹಾಕಿ, ಅದರಲ್ಲಿ ಶೇ. 40ರಷ್ಟು ಸಂದು ಇದೆಯೆಂದು ಹಿಡಿದರೆ, ಸುಮಾರು 3,700 ಲೀಟರ್ ಅಲ್ಲಿ ನಿಲ್ಲಬಹುದು. ಕೆಳಗೆ ಜೇಡಿಮಣ್ಣಿದ್ದು ಹೊರದಾರಿಯೂ ಇಲ್ಲದಿದ್ದಲ್ಲಿ ಜಲ್ಲಿಯ ಪದರವೇ ತೊಟ್ಟಿಯಾಗಿ, ಉಳಿದ ನೀರು ಹುಲ್ಲಿನ ಮೇಲೆ ನಿಲ್ಲುತ್ತದೆ. ಮರುದಿನ ಮತ್ತೆ ಮಳೆ ಸುರಿದರೆ ತೊಟ್ಟಿ ಮೊದಲೇ ತುಂಬಿರುತ್ತದೆ.

ಮೊದಲು ಪರೀಕ್ಷೆ

ಅಂಗಳದ ಎರಡು ಮೂರು ಕಡೆ ಒಂದಡಿ ಆಳದ ಗುಂಡಿ ತೆಗೆಸಿ ನೀರು ತುಂಬಿಸಿ. ಕೆಲವು ಗಂಟೆಗಳಲ್ಲಿ ನೀರು ಇಂಗಿದರೆ, ತುಳಿತದಿಂದ ಗಟ್ಟಿಯಾದ ಮೇಲ್ಮಣ್ಣೇ ಮುಖ್ಯ ತೊಡಕಾಗಿರಬಹುದು. ಮರುದಿನವೂ ಉಳಿದಿದ್ದರೆ ನೀರು ಹೊರಹೋಗಲು ಕೊಳವೆ ಅಗತ್ಯ. ಖಾಲಿ ಗುಂಡಿಯಲ್ಲಿಯೇ ನೀರು ಒಸರಿದರೆ ಅಲ್ಲಿ ಇಂಗುಗುಂಡಿಯಿಂದ ಹೆಚ್ಚಿನ ಪ್ರಯೋಜನವಾಗದು. ಛಾವಣಿಯ ನೀರು ಅಂಗಳಕ್ಕೆ ಬೀಳುತ್ತಿದ್ದರೆ ಮೊದಲು ಅದನ್ನು ಬೇರೆಡೆಗೆ ತಿರುಗಿಸಬೇಕು.

ಕಾಮಗಾರಿಯ ಕ್ರಮ

ಹಳೆಯ ಹುಲ್ಲನ್ನೂ ಮೆತ್ತನೆಯ ಮೇಲ್ಮಣ್ಣನ್ನೂ ತೆಗೆದು, ನೂರು ಅಡಿಗೆ ಒಂದು ಅಡಿಯಷ್ಟಾದರೂ ಇಳಿಜಾರು ಕೊಡಬೇಕು. ಮಣ್ಣು ಜಲ್ಲಿಯೊಳಗೆ ಸೇರದಂತೆ ನೀರು ಸೋಸುವ ಬಟ್ಟೆ ಹಾಸಿ, ತಗ್ಗಿನ ಅಂಚಿನಲ್ಲಿ ರಂಧ್ರವಿರುವ ಕೊಳವೆ ಇಡಬೇಕು. ಅದರ ಮೇಲೆ ಜಲ್ಲಿ, ಬಳಿಕ ತೆಳುವಾಗಿ ಸಣ್ಣ ಜಲ್ಲಿ ಹರಡಿ ದಮ್ಮಸು ಮಾಡಿ, ಕೊನೆಗೆ ಹುಲ್ಲು ಹಾಸಬೇಕು. ಕೊಳವೆಯ ನೀರನ್ನು ಒಳಚರಂಡಿಗೆ ಬಿಡಕೂಡದು. ಬೆಂಗಳೂರಿನಲ್ಲಿ ನಿಗದಿತ ಅಳತೆಯ ನಿವೇಶನಗಳಿಗೆ ಮಳೆನೀರು ಕೊಯ್ಲು 2009ರ ಕಾಯ್ದೆ ತಿದ್ದುಪಡಿಯಿಂದ ಕಡ್ಡಾಯವಾಗಿದೆ. ನೆಲ ಅನುಕೂಲವಾಗಿದ್ದಲ್ಲಿ ಈ ನೀರನ್ನು ಇಂಗುಬಾವಿಗೆ ಸೇರಿಸಬಹುದು.

ದರಪಟ್ಟಿಯಲ್ಲಿ ಗಮನಿಸಬೇಕಾದುದು

ಚದರಡಿಗೆ ಇಂತಿಷ್ಟು ಎಂಬ ದರ ಕೇವಲ ಹುಲ್ಲಿನದೋ, ಕಾಮಗಾರಿಯೂ ಸೇರಿದೆಯೋ ಎಂಬುದನ್ನು ಲಿಖಿತವಾಗಿ ಪಡೆಯುವುದು ಕ್ಷೇಮ. ಅಗೆತ, ಜಲ್ಲಿಯ ದಪ್ಪ, ಕೊಳವೆಯ ಉದ್ದ, ನೀರು ಸೇರುವ ಜಾಗ ಇವು ಪ್ರತ್ಯೇಕವಾಗಿ ನಮೂದಾಗಿರಬೇಕು. ಹುಲ್ಲು ಹಾಸುವ ಮೊದಲೇ ಟ್ಯಾಂಕರ್ ನೀರು ಹರಿಸಿ ಪರೀಕ್ಷಿಸುವ ಷರತ್ತು ಹಾಕಿ, ಅಂತಿಮ ಕಂತನ್ನು ಒಂದು ಮಳೆಗಾಲ ಕಳೆದ ಮೇಲೆ ಪಾವತಿಸುವುದು ಒಳಿತು.

ಮಿತಿಗಳೂ ಉಂಟು

ಬೇಸಿಗೆಯ ಮಧ್ಯಾಹ್ನ ಕೃತಕ ಹುಲ್ಲು ಸಹಜ ಹುಲ್ಲಿಗಿಂತ ಬಹಳ ಹೆಚ್ಚು ಕಾಯುತ್ತದೆ. ಮಕ್ಕಳು ಬರಿಗಾಲಿನಲ್ಲಿ ಆಡುವ ಶಾಲೆಗಳು ಇದನ್ನು ಯೋಚಿಸಬೇಕು. ಹುಲ್ಲಿನ ನಡುವೆ ತುಂಬುವ ಪ್ಲಾಸ್ಟಿಕ್, ರಬ್ಬರ್ ಹರಳುಗಳ ಮಾರಾಟವನ್ನು ಐರೋಪ್ಯ ಒಕ್ಕೂಟ 2023ರ ನಿಯಮದ ಮೂಲಕ, 8 ವರ್ಷಗಳ ಕಾಲಾವಕಾಶ ನೀಡಿ ನಿರ್ಬಂಧಿಸಿದೆ. ಅಂಗಳಗಳಿಗೆ ತೊಳೆದ ಸಿಲಿಕಾ ಮರಳು ಸಾಕು.

ಗುಂಡಿಯ ಪರೀಕ್ಷೆಯಲ್ಲಿ ನೀರು ಬೇಗ ಇಂಗಿದಲ್ಲಿ, ಮಣ್ಣು ಸಡಿಲಿಸಿ ಇಳಿಜಾರು ಸರಿಪಡಿಸಿದರೆ ಸಹಜ ಹುಲ್ಲೇ ಉಳಿದೀತು. ಆದುದರಿಂದ ಹುಲ್ಲಿನ ಮಾದರಿ ನೋಡುವ ಮುನ್ನ ನೆಲವನ್ನು ಪರೀಕ್ಷಿಸುವುದು ವಿವೇಕ.