ಭಾನುವಾರ ಮಟನ್ ಸಿಗಲ್ಲ, ರಾತ್ರಿ 10ರ ಮೇಲೆ ಸದ್ದು ಮಾಡಂಗಿಲ್ಲ: ಜರ್ಮನಿಗೆ ಹೊರಟವರು ತಿಳಿದಿರಬೇಕಾದ ಸಂಗತಿಗಳು

ಮಂಡ್ಯ: ಎಂಜಿನಿಯರಿಂಗ್ ಮುಗಿಸಿದ ಮಕ್ಕಳನ್ನು ಜರ್ಮನಿಗೆ ಓದಲು ಕಳಿಸೋಣ ಅನ್ನೋ ಮಾತು ಈಗ ಮಂಡ್ಯ, ಮದ್ದೂರು, ಮಳವಳ್ಳಿಯ ಮನೆಗಳಲ್ಲೂ ಕೇಳಿಬರುತ್ತದೆ. ಸಾಲ ಮಾಡುವ ಮುನ್ನ ಅಲ್ಲಿನ ದಿನನಿತ್ಯದ ಬದುಕು ಹೇಗಿದೆ ಅಂತ ತಿಳಿದಿರುವುದು ಒಳ್ಳೆಯದು.

ಫೀಸು ಎಲ್ಲ ಕಡೆ ಒಂದೇ ಅಲ್ಲ
ಜರ್ಮನಿಯಲ್ಲಿ 16 ರಾಜ್ಯಗಳಿವೆ. ಶಿಕ್ಷಣ ರಾಜ್ಯಗಳ ಕೈಯಲ್ಲಿದೆ. ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ, ನಿಜ. ಆದರೆ ಸ್ಟುಟ್‌ಗಾರ್ಟ್ ಇರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ 2017ರಲ್ಲಿ ಯುರೋಪ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ ಸೆಮಿಸ್ಟರ್‌ಗೆ 1,500 ಯೂರೋ ಶುಲ್ಕ ತಂದಿತು. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಶುಲ್ಕ ಶುರು ಮಾಡಿದೆ. ಜೊತೆಗೆ ವೀಸಾಕ್ಕಾಗಿ ಒಂದು ವರ್ಷದ ಖರ್ಚಿನ ಹಣ ತೋರಿಸಬೇಕು. 2024ರ ಸೆಪ್ಟೆಂಬರ್‌ನಲ್ಲಿ ಇದು 11,904 ಯೂರೋಗೆ ಏರಿತು. 'ಎಲ್ಲಾ ಫ್ರೀ' ಅನ್ನುವ ಏಜೆಂಟರ ಮಾತು ನಂಬದೆ, ಆಯಾ ವಿಶ್ವವಿದ್ಯಾಲಯದ ಈಗಿನ ದರವನ್ನೇ ನೋಡಬೇಕು.

ಭಾನುವಾರ ಅಂಗಡಿ ಬಂದ್
ನಮ್ಮಲ್ಲಿ ಭಾನುವಾರ ಅಂದ್ರೆ ಬಾಡೂಟ, ಮಟನ್ ಅಂಗಡಿ ಮುಂದೆ ಕ್ಯೂ. ಅಲ್ಲಿ ಭಾನುವಾರದ ಬಿಡುವಿಗೆ ಸಂವಿಧಾನದ ರಕ್ಷಣೆಯೇ ಇದೆ. ಬೇಕರಿ, ಪೆಟ್ರೋಲ್ ಬಂಕ್, ರೈಲು ನಿಲ್ದಾಣದ ಮಳಿಗೆಗಳಂಥ ಕೆಲವನ್ನು ಬಿಟ್ಟರೆ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರವೇ ಸಾಮಾನು ತಂದಿಟ್ಟುಕೊಳ್ಳಬೇಕು. ಬರ್ಲಿನ್‌ನಲ್ಲಿ ವಾರದ ಉಳಿದ ಆರು ದಿನ ಅಂಗಡಿ ಎಷ್ಟು ಹೊತ್ತಾದರೂ ತೆರೆಯಬಹುದು. ಬವೇರಿಯಾದಲ್ಲಿ ಸಾಮಾನ್ಯವಾಗಿ ರಾತ್ರಿ 8ಕ್ಕೆ ಬಾಗಿಲು.

ಖಾಲಿ ಬಾಟಲಿಗೂ ಕಾಸು
ಗೋಲಿ ಸೋಡಾ ಬಾಟಲಿ ಅಂಗಡಿಗೇ ವಾಪಸ್ ಕೊಡುವ ಪದ್ಧತಿ ನಮ್ಮವರಿಗೆ ಹೊಸದಲ್ಲ. ಅಲ್ಲಿ ನೀರು, ಜ್ಯೂಸಿನ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಠೇವಣಿ ಸೇರಿಸಿಯೇ ಬಿಲ್ ಹಾಕುತ್ತಾರೆ. ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ ಆ ದುಡ್ಡು ವಾಪಸ್.

ನೆರೆಹೊರೆಯ ನಡವಳಿಕೆ
ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡಬಾರದು. ಭಾನುವಾರ ಗೋಡೆಗೆ ಡ್ರಿಲ್ ಹಾಕಿದರೂ ದೂರು ಬರುತ್ತದೆ. ಹೇಳದೆ ಕೇಳದೆ ಯಾರ ಮನೆಗೂ ಹೋಗುವುದಿಲ್ಲ. 7 ಗಂಟೆಗೆ ಕರೆದರೆ 7ಕ್ಕೇ ಇರಬೇಕು. ಹುಟ್ಟುಹಬ್ಬದ ಶುಭಾಶಯವನ್ನು ಹಿಂದಿನ ದಿನವೇ ಹೇಳಿದರೆ ಅಪಶಕುನ ಅಂತಾರೆ.

ಊರಿಗೊಂದು ನಮಸ್ಕಾರ
ಮಂಡ್ಯದ ಮಾತಿಗೂ ಮಂಗಳೂರಿನ ಮಾತಿಗೂ ಇರುವಂಥ ವ್ಯತ್ಯಾಸ ಅಲ್ಲೂ ಇದೆ. ದಕ್ಷಿಣದ ಬವೇರಿಯಾದಲ್ಲಿ 'ಗ್ರ್ಯೂಸ್ ಗಾಟ್' ಅಂದರೆ, ಉತ್ತರದಲ್ಲಿ ಬೆಳಿಗ್ಗೆಯಾದರೂ ರಾತ್ರಿಯಾದರೂ 'ಮೋಯಿನ್' ಅಂತಾರೆ. ಸರ್ಕಾರಿ ರಜೆಯೂ ಬೇರೆ ಬೇರೆ: ಬರ್ಲಿನ್‌ಗೆ ವರ್ಷಕ್ಕೆ 10, ಬವೇರಿಯಾದ ಬಹುಪಾಲು ಊರುಗಳಿಗೆ 13.

1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ ಫರ್ಡಿನಾಂಡ್ ಕಿಟೆಲ್ ಹುಟ್ಟಿದ್ದು ಇದೇ ಉತ್ತರದ ಈಸ್ಟ್ ಫ್ರೀಸಿಯಾದಲ್ಲಿ. ಅಲ್ಲಿನವರು ಕಲ್ಲುಸಕ್ಕರೆ ಮೇಲೆ ಬಿಸಿ ಟೀ ಸುರಿದು, ಕೆನೆ ಬಿಟ್ಟು, ಕದಡದೇ ಕುಡಿಯುತ್ತಾರೆ. ಅತಿಥಿಗೆ ಮೂರು ಕಪ್ ಲೆಕ್ಕ. ಸಾಕು ಅನ್ನಬೇಕಾದರೆ ಚಮಚವನ್ನು ಕಪ್‌ನೊಳಗೆ ಇಡಬೇಕು. ಇಡದಿದ್ದರೆ ಮತ್ತೆ ಸುರೀತಾರೆ!

ಹೋದವರು ಮೊದಲು ಮಾಡಬೇಕಾದ ಕೆಲಸ ಒಂದೇ: ಮನೆ ಸೇರಿದ ಎರಡು ವಾರದೊಳಗೆ ಸ್ಥಳೀಯ ಕಚೇರಿಯಲ್ಲಿ ವಿಳಾಸ ನೋಂದಣಿ. ಬ್ಯಾಂಕ್ ಖಾತೆಯಿಂದ ವೀಸಾ ವಿಸ್ತರಣೆವರೆಗೆ ಆ ಚೀಟಿ ಕೇಳುತ್ತಾರೆ.